ಅಣುವಿನ ಎರಡು ದಾರಿ: ಡಾ. ಹೋಮಿ ಭಾಭಾ

ನಮ್ಮ ಬೀಡಿಯಂಥ ಊರಿನವರಿಗೆ ಕಂಬಾರನ ಕುಲುಮೆಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಬೆಂಕಿಯಲ್ಲಿ ಕಾಯ್ದ ಕಬ್ಬಿಣ ನೇಗಿಲ ಕುಳವೂ ಆಗುತ್ತದೆ, ಕತ್ತಿಯೂ ಆಗುತ್ತದೆ. ಭಾರತದ ಅಣುಶಕ್ತಿ ಕಾರ್ಯಕ್ರಮ ಕಟ್ಟಿದ ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಬದುಕು ಓದುವಾಗ ನನಗೆ ಈ ಕುಲುಮೆ ನೆನಪಾಗುತ್ತದೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಸ್ಥಿತಿವಂತ ಪಾರ್ಸಿ ಮನೆತನದಲ್ಲಿ. ಮಗ ಇಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ತಮ್ಮ ಮನಸ್ಸು ಎಳೆಯುತ್ತಿದ್ದ ಭೌತವಿಜ್ಞಾನಕ್ಕೆ ಹೊರಳಿದರು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಮಹಾಯುದ್ಧ ಶುರುವಾಗಿ ಮರಳಿ ಹೋಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ವಿಭಾಗ ಸೇರಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು.

1944ರ ಮಾರ್ಚ್‌ನಲ್ಲಿ ಅವರು ಟಾಟಾ ಟ್ರಸ್ಟಿಗೊಂದು ಪತ್ರ ಬರೆದರು. ಮುಂದೆ ಅಣುಶಕ್ತಿಯಿಂದ ವಿದ್ಯುತ್ ತಯಾರಾಗುವ ಕಾಲಕ್ಕೆ ಭಾರತ ತಜ್ಞರಿಗಾಗಿ ಪರದೇಶದತ್ತ ನೋಡುವಂತಾಗಬಾರದು ಎಂಬುದು ಅದರ ಸಾರ. ಹಿರೋಶಿಮಾದ ಮೇಲೆ ಬಾಂಬ್ ಬೀಳಲು ಆಗಿನ್ನೂ ಸುಮಾರು ಒಂದೂವರೆ ವರ್ಷವಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿ, ಬಳಿಕ ಮುಂಬಯಿಗೆ ಹೋಯಿತು.

1948ರಲ್ಲಿ ಭಾಭಾ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. 1955ರಲ್ಲಿ ಜಿನೀವಾದಲ್ಲಿ ನಡೆದ, ಶಾಂತಿಗಾಗಿ ಅಣುಶಕ್ತಿ ಕುರಿತ ವಿಶ್ವಸಂಸ್ಥೆಯ ಸಮ್ಮೇಳನಕ್ಕೆ ಅಧ್ಯಕ್ಷತೆ ವಹಿಸಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. 1960ರಲ್ಲಿ ಕೆನಡಾದ ನೆರವಿನ ಸೈರಸ್ ಬಂತು.

ಇಲ್ಲಿಯೇ ದಾರಿ ಎರಡಾಗುವುದು. ರಿಯಾಕ್ಟರಿನಲ್ಲಿ ಯುರೇನಿಯಂ ಉರಿದಾಗ ಪ್ಲುಟೋನಿಯಂ ಹುಟ್ಟುತ್ತದೆ. ಅದು ಮುಂದಿನ ರಿಯಾಕ್ಟರಿಗೆ ಇಂಧನವಾಗಬಲ್ಲದು, ಬಾಂಬಿಗೂ ಒದಗಬಲ್ಲದು. ಭಾಭಾ ಅವರ ಮೂರು ಹಂತಗಳ ವಿದ್ಯುತ್ ಯೋಜನೆಗೆ ಅದು ಬೇಕೇ ಬೇಕಿತ್ತು. 1964ರ ಅಕ್ಟೋಬರ್‌ನಲ್ಲಿ ಚೀನಾ ಬಾಂಬ್ ಸಿಡಿಸಿದಾಗ, ಜಿನೀವಾದ ಅದೇ ಅಧ್ಯಕ್ಷರು ಆಕಾಶವಾಣಿಯಲ್ಲಿ ಅಣುಬಾಂಬಿನ ಖರ್ಚು ಹೆಚ್ಚೇನಲ್ಲ ಎಂದು ಲೆಕ್ಕ ಕೊಟ್ಟರು. ಎರಡೂ ಭಾಭಾ ಅವರೇ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನಷ್ಟೇ ಹೊಗಳುವುದು ಸರಿಯಲ್ಲ.

1966ರ ಜನವರಿ 24ರಂದು ವಿಯೆನ್ನಾಕ್ಕೆ ಹೊರಟಿದ್ದ ಅವರ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಬಳಿ ಬಿದ್ದಿತು. ಆಗ ಅವರಿಗೆ 56 ವರ್ಷ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿದದ್ದು ಸೈರಸ್‌ನ ಪ್ಲುಟೋನಿಯಂ. ಶಾಂತಿಗಾಗಿ ಕೊಟ್ಟಿದ್ದೆವು ಎಂದು ಕೆನಡಾ ನೆರವು ನಿಲ್ಲಿಸಿತು. ರಾಜಸ್ಥಾನದಲ್ಲಿ ಅರ್ಧಕ್ಕೆ ನಿಂತ ಸ್ಥಾವರವನ್ನು ನಮ್ಮ ಇಂಜಿನಿಯರುಗಳೇ ಮುಗಿಸಿದರು. ಅದೇ ಪರಂಪರೆಯ 220 ಮೆಗಾವಾಟ್‌ನ ನಾಲ್ಕು ಘಟಕಗಳು ಇಂದು ನಮ್ಮ ನೆರೆಯ ಉತ್ತರ ಕನ್ನಡದ ಕೈಗಾದಲ್ಲಿವೆ. ಟ್ರಾಂಬೆಯ ವಿಕಿರಣ ಪ್ರಯೋಗಗಳಿಂದ ಟಿಎಜಿ-24ರಂಥ ಶೇಂಗಾ ತಳಿಗಳೂ ಬಂದವು.

ಸಾಫ್ಟ್‌ವೇರ್ ಬರೆಯುವ ನನಗೂ ಈ ಕಥೆ ಪರಕೀಯವಲ್ಲ: ಚಿತ್ರದಲ್ಲಿ ಬೆಳೆರೋಗ ಗುರುತಿಸುವ ಪ್ರೋಗ್ರಾಂನ ಲೆಕ್ಕವೇ ಡ್ರೋನಿಗೆ ಗುರಿ ತೋರಿಸಬಲ್ಲದು. ಭಾಭಾ ಅವರ ಕಾಲದಲ್ಲಿ ಇಂಥ ತೀರ್ಮಾನ ಬೆರಳೆಣಿಕೆಯ ಜನರ ಕೈಯಲ್ಲಿತ್ತು. ಮುಂದೆ ಹಾಗಾಗದಿರಲು, ಈ ಯಂತ್ರದಿಂದ ಇನ್ನೇನು ಮಾಡಬಹುದು, ಅದನ್ನು ಯಾರು ನಿರ್ಧರಿಸುತ್ತಾರೆ ಎಂದು ಕೇಳುವಷ್ಟು ವಿಜ್ಞಾನ ನಮ್ಮ ಶಾಲೆಯ ಪ್ರತಿ ಮಗುವಿಗೂ ದಕ್ಕಲಿ.