ಹೆಪ್ಪು ಹಂಚಿದ ಯಜಮಾನ

ಹಾಲು ಕಾಯಿಸಿ ಆರಿಸಿಟ್ಟ ಮೇಲೆ ಮನೆಯಲ್ಲಿ ಹೆಪ್ಪಿಲ್ಲವೆಂದು ತಿಳಿದರೆ, ಮಕ್ಕಳ ಕೈಗೆ ಬಟ್ಟಲು ಕೊಟ್ಟು ನೆರೆಮನೆಗೆ ಕಳುಹಿಸುವ ರೂಢಿ ನಮ್ಮಲ್ಲಿ ಉಂಟಷ್ಟೆ. ಕಾಸು ಸಾಲ ಕೊಡಲು ಹಿಂದುಮುಂದು ನೋಡುವವರೂ ಹೆಪ್ಪು ಕೊಡಲು ಹಿಂಜರಿಯುವುದಿಲ್ಲ. ಕೊಟ್ಟದ್ದರಿಂದ ಕೊಟ್ಟವರ ಗಡಿಗೆಯ ಮೊಸರೇನೂ ಕಡಿಮೆಯಾಗದು. ಪಡೆದವರ ಮನೆಯಲ್ಲಿ ಮಾತ್ರ ಮೊಸರು ಉಂಟಾಗುತ್ತದೆ. ಬಿಯರ್ ಎಂಬ ಪಾಶ್ಚಾತ್ಯ ಪಾನೀಯಕ್ಕೂ ಇಂಥದೊಂದು ಹೆಪ್ಪು ಬೇಕು. ಅದನ್ನು ಯೀಸ್ಟ್ ಎನ್ನುತ್ತಾರೆ. ಒಂದು ದೇಶದಿಂದ ಈ ಹೆಪ್ಪನ್ನು ಬೇಡಿ ತಂದು, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿ, ಕೊನೆಗೆ ತನ್ನ ಪ್ರತಿಸ್ಪರ್ಧಿಗಳಿಗೂ ಹಂಚಿದ ಡೆನ್ಮಾರ್ಕಿನ ಉದ್ಯಮಿಯೊಬ್ಬನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಅವನ ಹೆಸರು ಯಾಕೊಬ್ ಕ್ರಿಶ್ಚಿಯನ್ ಯಾಕೊಬ್ಸೆನ್.

ಈಗ ಅವನನ್ನು ನೆನೆಯುವುದಕ್ಕೆ ಒಂದು ಕಾರಣವಿದೆ. ಕೆಲವು ದಶಕಗಳಿಂದ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಸಣ್ಣ ಸಣ್ಣ ಬಿಯರ್ ಮನೆಗಳು ಹುಟ್ಟಿಕೊಂಡಿವೆ. ಕುಶಲಿಗಳು ಸ್ವಲ್ಪಸ್ವಲ್ಪವಾಗಿ, ಬಗೆಬಗೆಯ ರುಚಿಯಲ್ಲಿ ತಯಾರಿಸುವ ಆ ಬಿಯರಿಗೆ ಒಂದು ಭಕ್ತವೃಂದವೇ ಬೆಳೆದಿದೆ. ಬೆಂಗಳೂರಿನಲ್ಲಿಯೂ ಅಂಥ ಮನೆಗಳು ತಲೆಯೆತ್ತಿವೆ. ದೊಡ್ಡ ಕಂಪನಿಗಳು ಇದನ್ನು ಕಂಡು ಆ ಸಣ್ಣ ಮನೆಗಳನ್ನೇ ಕೊಳ್ಳತೊಡಗಿದವು. ಷಿಕಾಗೊ ನಗರದ ಗೂಸ್ ಐಲೆಂಡ್ ೨೦೧೧ರಲ್ಲಿಯೂ ಲಂಡನ್ನಿನ ಕ್ಯಾಮ್ಡನ್ ಟೌನ್ ೨೦೧೫ರಲ್ಲಿಯೂ ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಯ ಕೈಸೇರಿದವು. ಅಂದಿನಿಂದ ರಸಿಕರಲ್ಲಿ ಒಂದು ವಾದ ನಡೆದಿದೆ. ರುಚಿ ಕೆಡದಿದ್ದರೆ ಒಡೆಯನಾರಾದರೇನು ಎಂಬುದು ಒಂದು ಪಕ್ಷ. ದೊಡ್ಡವರಿಗೆ ಕೊಟ್ಟ ಕಾಸು ಸಣ್ಣವರ ಕುತ್ತಿಗೆಗೇ ಬರುವುದರಿಂದ ಕುಶಲಕರ್ಮವನ್ನು ಪ್ರೀತಿಸುವವನು ಅದನ್ನು ಕೊಳ್ಳಬಾರದೆಂಬುದು ಇನ್ನೊಂದು ಪಕ್ಷ.

ಪಾನದ ಗುಣದೋಷ ಇಲ್ಲಿನ ವಿಷಯವಲ್ಲ. ಕುಶಲಿಯು ಬಂಡವಾಳಗಾರನಾದಾಗ ಕುಶಲತೆ ಉಳಿಯುತ್ತದೆಯೆ ಎಂಬ ಪ್ರಶ್ನೆ ಮಗ್ಗಕ್ಕೂ ಗಾಣಕ್ಕೂ ಮುದ್ರಣಾಲಯಕ್ಕೂ ಸಮಾನವಾದದ್ದು. ಯಾಕೊಬ್ಸೆನ್ ಕುಶಲಿಯೂ ಹೌದು, ಬಂಡವಾಳಗಾರನೂ ಹೌದು. ಈ ಪ್ರಶ್ನೆಯನ್ನು ಅವನು ತನ್ನ ಮನೆಯೊಳಗೇ, ಒಬ್ಬನೇ ಮಗನೊಡನೆ ಜಗಳವಾಡಿ ಎದುರಿಸಬೇಕಾಯಿತು.

ಅವನು ಹುಟ್ಟಿದ್ದು ೧೮೧೧ರ ಸೆಪ್ಟೆಂಬರ್ ೨ರಂದು, ಕೋಪನ್‌ಹೇಗನ್ ನಗರದಲ್ಲಿ. ತಂದೆ ಕ್ರಿಸ್ಟೆನ್ ಜಟ್ಲೆಂಡ್ ಪ್ರಾಂತದ ಹಳ್ಳಿಗಾಡಿನಿಂದ ರಾಜಧಾನಿಗೆ ಬಂದು, ಅರಸನ ಬಿಯರ್ ಮನೆಯಲ್ಲಿ ದುಡಿದು, ೧೮೨೬ರಲ್ಲಿ ಸ್ವಂತದ್ದೊಂದು ಸಣ್ಣ ಕಾರ್ಖಾನೆಯನ್ನು ಕೊಂಡವನು. ಅಂದಿನ ಡೆನ್ಮಾರ್ಕಿನಲ್ಲಿ ಜನ ಕುಡಿಯುತ್ತಿದ್ದ ಬಿಯರ್ ಬೇಗ ಹುಳಿಯಾಗುತ್ತಿತ್ತು. ಒಂದು ದಿನದ ರುಚಿ ಇನ್ನೊಂದು ದಿನಕ್ಕಿಲ್ಲ. ಬೆರಳಿಟ್ಟು ಬಿಸಿ ನೋಡುವುದೇ ಕಸುಬಿನ ಮರ್ಮವೆಂದು ಉಳಿದವರು ನಂಬಿದ್ದ ಕಾಲದಲ್ಲಿ ಕ್ರಿಸ್ಟೆನ್ ಉಷ್ಣಮಾಪಕವನ್ನು ಬಳಸಿದನು. ಮಗನು ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದ ವಿಜ್ಞಾನಿ ಓರ್ಸ್ಟೆಡ್ ಮಾಡುತ್ತಿದ್ದ ಉಪನ್ಯಾಸಗಳಿಗೆ ಹೋಗಿ ಕುಳಿತನು. ಕಸುಬಿನವನ ಕೈಗೆ ಶಾಸ್ತ್ರದ ಕಣ್ಣು ಬೇಕೆಂಬ ನಂಬಿಕೆ ಅಲ್ಲಿ ಅವನಲ್ಲಿ ಬೇರೂರಿತು. ೧೮೩೫ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತನಾಲ್ಕು ತುಂಬದ ತರುಣನ ಮೇಲೆ ಕಾರ್ಖಾನೆಯ ಭಾರ ಬಿದ್ದಿತು.

ಆ ಕಾಲಕ್ಕೆ ಜರ್ಮನಿಯ ಬವೇರಿಯ ಪ್ರಾಂತದ ಬಿಯರಿನ ಕೀರ್ತಿ ಹರಡುತ್ತಿತ್ತು. ಅದರ ಹೆಪ್ಪು ಪಾತ್ರೆಯ ತಳದಲ್ಲಿ ಕುಳಿತು, ತಂಪಿನಲ್ಲಿ ಮೆಲ್ಲಮೆಲ್ಲನೆ ಕೆಲಸ ಮಾಡುವಂಥದು. ಹುದುಗಿದ ಮೇಲೆ ಬಿಯರನ್ನು ತಣ್ಣನೆಯ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಮಾಗಗೊಡಬೇಕು. ಯಾಕೊಬ್ಸೆನ್ ತನ್ನ ತಾಯಿಯ ಬಟ್ಟೆ ಕುದಿಸುವ ಹಂಡೆಯಲ್ಲಿ ಈ ಬಗೆಯ ಬಿಯರನ್ನು ಮಾಡಿನೋಡಿದನು. ಸರಿಯಾದ ಹೆಪ್ಪಿಲ್ಲದೆ ಕೆಲಸ ಸಾಗದೆಂದು ಮನಗಂಡು ೧೮೪೫ರಲ್ಲಿ ಮ್ಯೂನಿಕ್ ನಗರಕ್ಕೆ ಹೊರಟನು. ಅಲ್ಲಿ ಷ್ಪಾಟೆನ್ ಕಾರ್ಖಾನೆಯ ಒಡೆಯ ಗೇಬ್ರಿಯಲ್ ಸೆಡ್ಲ್‌ಮೇಯರ್ ಅವನಿಗೆ ಕಸುಬನ್ನು ತೋರಿಸಿಕೊಟ್ಟು ಹೆಪ್ಪನ್ನೂ ಕೊಟ್ಟನು. ಹಿಂತಿರುಗುವ ದಾರಿ ದೀರ್ಘವಾದದ್ದು; ಕುದುರೆಗಾಡಿಯ ಪಯಣ. ಯೀಸ್ಟ್ ಸೆಕೆಗೆ ಸಾಯುವ ವಸ್ತು. ಅದರ ಎರಡು ಪಾತ್ರೆಗಳನ್ನು ಟೋಪಿಯ ಪೆಟ್ಟಿಗೆಯಲ್ಲಿಟ್ಟುಕೊಂಡು, ಗಾಡಿ ನಿಂತ ಕಡೆಯಲ್ಲೆಲ್ಲ ಇಳಿದು ತಣ್ಣೀರು ಹನಿಸಿ, ಎಳೆಗೂಸನ್ನು ಕಾಪಾಡುವಂತೆ ಕಾಪಾಡಿ ತಂದನೆಂದು ಅವನ ಚರಿತ್ರೆಯನ್ನು ಬರೆದವರೆಲ್ಲರೂ ಹೇಳುತ್ತಾರೆ.

ಹೆಪ್ಪು ಊರು ಮುಟ್ಟಿತು. ಬಿಯರನ್ನು ಮಾಗಿಸಲು ತಂಪಾದ ಸ್ಥಳವಿರಲಿಲ್ಲ. ನಗರದ ಕೋಟೆಗೋಡೆಯ ಕೆಳಗಿದ್ದ ನೆಲಮಾಳಿಗೆಗಳನ್ನು ಬಳಸಲು ಅರಸನ ಅಪ್ಪಣೆ ಪಡೆದು ಅವನು ಮೊದಲ ಪೀಪಾಯಿಗಳನ್ನು ಅಲ್ಲಿ ಇರಿಸಿದನು. ಜನ ಆ ಬಿಯರನ್ನು ಮೆಚ್ಚಿದರು. ಕೋಟೆಯ ಹೊರಗೆ, ವಾಲ್ಬಿ ಎಂಬಲ್ಲಿ, ಒಳ್ಳೆಯ ನೀರೂ ಹೊಸ ರೈಲುಹಾದಿಯೂ ಹತ್ತಿರವಿದ್ದ ದಿಣ್ಣೆಯೊಂದರ ಮೇಲೆ ಅವನು ಹೊಸ ಕಾರ್ಖಾನೆಯನ್ನು ಕಟ್ಟಿದನು. ಐದು ವರ್ಷದ ಮಗ ಕಾರ್ಲನ ಹೆಸರಿಗೆ ಬೆಟ್ಟವೆಂಬ ಅರ್ಥದ ಪದವನ್ನು ಸೇರಿಸಿ ಕಾರ್ಲ್ಸ್‌ಬರ್ಗ್ ಎಂದು ಹೆಸರಿಟ್ಟನು. ೧೮೪೭ರ ನವೆಂಬರ್ ೧೦ರಂದು ಅಲ್ಲಿ ಮೊದಲ ಪಾಕವಾಯಿತು. ಮುಂದೆ ತಂದೆ ಮಗನ ನಡುವೆ ವ್ಯಾಜ್ಯಕ್ಕೆ ಕಾರಣವಾದದ್ದೂ ಪ್ರೀತಿಯಿಂದ ಇಟ್ಟ ಇದೇ ಹೆಸರು.

ಸಂಪತ್ತು ಬಂದಿತು. ೧೮೫೯ರಲ್ಲಿ ಫ್ರೆಡರಿಕ್ಸ್‌ಬೋರ್ ಅರಮನೆ ಸುಟ್ಟುಹೋದಾಗ ಯಾಕೊಬ್ಸೆನ್ ಅದರ ಜೀರ್ಣೋದ್ಧಾರಕ್ಕೆ ಧಾರಾಳವಾಗಿ ಹಣ ಕೊಟ್ಟನು. ೧೮೭೮ರಲ್ಲಿ ಅಲ್ಲಿ ರಾಷ್ಟ್ರೀಯ ಇತಿಹಾಸದ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಿದನು. ೧೮೬೭ರಲ್ಲಿ ಅವನ ಕಾರ್ಖಾನೆಯೂ ಬೆಂಕಿಗೆ ಆಹುತಿಯಾಯಿತು. ಎದೆಗುಂದದೆ ಮತ್ತೆ ಕಟ್ಟಿದನು. ಆದರೆ ಬಿಯರಿನ ವಿಷಯದಲ್ಲಿ ಮಾತ್ರ ಅವನದು ಕಠೋರ ವ್ರತ. ಗಿರಾಕಿಗಳು ಬಾಗಿಲಲ್ಲಿ ಕಾದು ನಿಂತಿದ್ದರೂ ಮಾಗದ ಬಿಯರ್ ನೆಲಮಾಳಿಗೆಯಿಂದ ಹೊರಬರಕೂಡದು. ಚೆನ್ನಾಗಿ ಮಾಡಲು ಸಾಧ್ಯವಾಗುವಷ್ಟನ್ನು ಮಾತ್ರ ಮಾಡಬೇಕು.

ಮಗ ಕಾರ್ಲ್ ೧೮೪೨ರಲ್ಲಿ ಹುಟ್ಟಿದವನು. ತಂದೆ ಅವನನ್ನು ಕಸುಬು ಕಲಿಯಲು ನಾಲ್ಕು ವರ್ಷ ಪರದೇಶಗಳಿಗೆ ಕಳುಹಿಸಿದನು. ಹಿಂತಿರುಗಿ ಬಂದ ಮೇಲೆ, ೧೮೭೧ರಲ್ಲಿ, ತನ್ನ ಕಾರ್ಖಾನೆಯ ಪಕ್ಕದಲ್ಲಿಯೇ ಇನ್ನೊಂದನ್ನು ಕಟ್ಟಿಸಿ ಗೇಣಿಗೆ ಕೊಟ್ಟನು. ಮಗನು ಇಂಗ್ಲಿಷ್ ಮಾದರಿಯ ಬಿಯರ್ ಮಾಡಲೆಂದು ತಂದೆಯ ಎಣಿಕೆಯಿದ್ದಿತು. ಮಗನಾದರೋ ಜನ ಬಯಸುತ್ತಿದ್ದ ಬವೇರಿಯ ಬಿಯರನ್ನೇ ಮಾಡಿದನು. ಮಾಗುವ ಕಾಲವನ್ನು ಕಡಿಮೆಮಾಡಿ, ಹೆಚ್ಚು ಹೆಚ್ಚು ತಯಾರಿಸಿ ಮಾರಿದನು. ವ್ಯಾಪಾರ ಬೆಳೆಯಿತು. ತಂದೆಯ ಕಣ್ಣಿಗೆ ಅದು ಕಸುಬಿಗೆ ಬಗೆದ ದ್ರೋಹ. ಮಗನಿಗೆ ಅದು ಕಾಲಧರ್ಮ.

ಜಗಳ ಗೇಣಿಯನ್ನು ಕೊನೆಗಾಣಿಸುವವರೆಗೆ ಹೋಯಿತು. ಮಗನು ಪಕ್ಕದ ನೆಲದಲ್ಲಿ ಸ್ವಂತ ಕಾರ್ಖಾನೆ ಕಟ್ಟಿ ಅದನ್ನೂ ಕಾರ್ಲ್ಸ್‌ಬರ್ಗ್ ಎಂದೇ ಕರೆಯಹೊರಟನು. ತಂದೆ ಅಡ್ಡಬಂದನು. ಕೊನೆಗೆ ತಂದೆಯದು ಹಳೆಯ ಕಾರ್ಲ್ಸ್‌ಬರ್ಗ್, ಮಗನದು ಹೊಸ ಕಾರ್ಲ್ಸ್‌ಬರ್ಗ್ ಎಂದಾಯಿತು. ಎರಡು ಕಾರ್ಖಾನೆಗಳ ನಡುವಣ ಹಾದಿಗೆ ಯಾವ ಹೆಸರೆಂಬ ವಿಷಯದಲ್ಲಿಯೂ ಅವರು ಒಮ್ಮತಕ್ಕೆ ಬರಲಿಲ್ಲ. ತಾನು ಮಗುವಿನ ಹೆಸರಿಟ್ಟ ಬೆಟ್ಟದ ಮೇಲೆ ಆ ಮಗನೊಡನೆಯೇ ಹೆಸರಿಗಾಗಿ ಹೋರಾಡಬೇಕಾಗಿ ಬಂದ ತಂದೆಯ ಅಂತರಂಗ ಹೇಗಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ಕಲಹದ ಕಾಲದಲ್ಲಿಯೇ ಅವನ ಬಾಳಿನ ಅತ್ಯುತ್ತಮ ಕಾರ್ಯ ನಡೆಯಿತು. ೧೮೭೫ರಲ್ಲಿ ಅವನು ಕಾರ್ಖಾನೆಗೆ ಸೇರಿದಂತೆ ಒಂದು ಪ್ರಯೋಗಶಾಲೆಯನ್ನು ತೆರೆದನು. ಮರುವರ್ಷ ಅದರ ಪೋಷಣೆಗೂ ಶಾಸ್ತ್ರಾಭ್ಯುದಯಕ್ಕೂ ಒಂದು ಪ್ರತಿಷ್ಠಾನವನ್ನು ನಿರ್ಮಿಸಿ, ಅದರ ಆಡಳಿತವನ್ನು ವ್ಯಾಪಾರಿಗಳಿಗೆ ಒಪ್ಪಿಸದೆ, ಡೆನ್ಮಾರ್ಕಿನ ರಾಯಲ್ ವಿಜ್ಞಾನ ಪರಿಷತ್ತು ಆರಿಸುವ ಐವರು ವಿದ್ವಾಂಸರಿಗೆ ಒಪ್ಪಿಸಿದನು. ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಯಾವ ಮುಖ್ಯ ವಿಷಯವನ್ನೂ ಗುಟ್ಟಾಗಿಡಕೂಡದೆಂದು ನಿಬಂಧನೆ ಮಾಡಿದನು. ವ್ಯಾಪಾರದ ಲೋಕದಲ್ಲಿ ಇದು ಹುಚ್ಚೆಂದೇ ತೋರಬೇಕು.

ಆ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಎಂಬವನಿದ್ದನು. ಕಾರ್ಲನು ಹುಟ್ಟಿದ ವರ್ಷದಲ್ಲಿಯೇ ಬಡವರ ಮನೆಯಲ್ಲಿ ಹುಟ್ಟಿ, ಮನೆಗಳಿಗೆ ಬಣ್ಣ ಬಳಿದು ಜೀವಿಸಿ, ಓದಿ ಮೇಲೆ ಬಂದವನು. ೧೮೮೩ರಲ್ಲಿ ಹಳೆಯ ಕಾರ್ಲ್ಸ್‌ಬರ್ಗಿನ ಬಿಯರೇ ಕೆಟ್ಟಿತು. ಬಿಯರಿನ ರೋಗಕ್ಕೆಲ್ಲ ಪ್ಯಾಸ್ಟರ್ ಹೇಳಿದ ಸೂಕ್ಷ್ಮಾಣುಗಳೇ ಕಾರಣವೆಂದು ಯಾಕೊಬ್ಸೆನ್ ನಂಬಿದ್ದನು. ಹೆಪ್ಪಿನೊಳಗೆ ಕಾಡುಜಾತಿಯ ಯೀಸ್ಟ್ ಬೆರೆತಿದೆ, ಒಳ್ಳೆಯ ಜಾತಿಯ ಒಂದೇ ಒಂದು ಕಣವನ್ನು ಬೇರ್ಪಡಿಸಿ ಅದರಿಂದಲೇ ಹೆಪ್ಪನ್ನು ಬೆಳೆಸಬೇಕು ಎಂದು ಹ್ಯಾನ್ಸೆನ್ ಸಾಧಿಸಿದನು. ಯಜಮಾನನು ಮೊದಲು ಒಪ್ಪಲಿಲ್ಲ. ಪ್ರಯೋಗದ ಫಲವನ್ನು ಕಂಡಮೇಲೆ ತಲೆಬಾಗಿದನು. ಅದೇ ವರ್ಷದ ನವೆಂಬರಿನಲ್ಲಿ ಶುದ್ಧ ಹೆಪ್ಪಿನಿಂದ ಬಿಯರ್ ತಯಾರಾಯಿತು. ಈ ರಹಸ್ಯವನ್ನು ಮುಚ್ಚಿಟ್ಟುಕೊಂಡಿದ್ದರೆ ಯೂರೋಪಿನ ಮಾರುಕಟ್ಟೆ ಅವನ ಕೈಯಲ್ಲಿರುತ್ತಿದ್ದಿತೋ ಏನೋ. ಅವನು ವಿಧಾನವನ್ನು ಪ್ರಕಟಪಡಿಸಗೊಟ್ಟನು. ಬೇಡಿದ ಕಾರ್ಖಾನೆಗಳಿಗೆ ಹೆಪ್ಪನ್ನೂ ಕೊಟ್ಟನು. ಮ್ಯೂನಿಕ್ಕಿನಲ್ಲಿ ತಾನು ಪಡೆದ ಋಣವನ್ನು ಹೀಗೆ ಜಗತ್ತಿಗೆಲ್ಲ ತೀರಿಸಿದನು.

೧೮೮೨ರ ಮರಣಶಾಸನದಲ್ಲಿ, ಮಗನಿಗೆ ಸಲ್ಲಬೇಕಾಗಿದ್ದ ಹಳೆಯ ಕಾರ್ಲ್ಸ್‌ಬರ್ಗನ್ನು ಅವನು ಪ್ರತಿಷ್ಠಾನಕ್ಕೆ ಬರೆದಿಟ್ಟನು. ತತ್ಕಾಲದ ಲಾಭವನ್ನು ಲೆಕ್ಕಿಸದೆ ತಯಾರಿಕೆಯನ್ನು ಪರಿಪೂರ್ಣತೆಗೆ ಒಯ್ಯುವುದೇ ಅಲ್ಲಿ ಸದಾ ಗುರಿಯಾಗಿರಬೇಕೆಂದು ವಿಧಿಸಿದನು. ೧೮೮೬ರಲ್ಲಿ ತಂದೆ ಮಗ ಮತ್ತೆ ಒಂದಾದರು. ೧೮೮೭ರ ಏಪ್ರಿಲ್ ೩೦ರಂದು ಯಾಕೊಬ್ಸೆನ್ ರೋಮ್ ನಗರದಲ್ಲಿ ಕಣ್ಣುಮುಚ್ಚಿದನು. ರಾಜಿಯಾದ ಮೇಲೆ ಅವರಿಗೆ ದೊರೆತ ಕಾಲ ಬಹಳ ಸ್ವಲ್ಪ.

ಮಗನ ಬಗೆಗೆ ತಂದೆಯ ತೀರ್ಪು ಪೂರ್ತಿ ಸರಿಯಾಗಿದ್ದಿತೆ? ಹಾಗೆನ್ನಲಾಗದು. ಅವಸರದ ಬಿಯರಿನಿಂದ ಬಂದ ಹಣದಲ್ಲಿ ಕಾರ್ಲನು ಗ್ಲಿಪ್ಟೊಟೆಕ್ ಎಂಬ ಮಹಾಶಿಲ್ಪಶಾಲೆಯನ್ನು ಕಟ್ಟಿ ದೇಶಕ್ಕೆ ಕೊಟ್ಟನು. ಕೋಪನ್‌ಹೇಗನ್ನಿನ ಕಡಲತಡಿಯ ಮತ್ಸ್ಯಕನ್ಯೆಯ ಪ್ರತಿಮೆಯೂ ಅವನು ೧೯೧೩ರಲ್ಲಿ ಕೊಟ್ಟ ಕಾಣಿಕೆ. ೧೯೦೨ರಲ್ಲಿ ತನ್ನ ಹೊಸ ಕಾರ್ಲ್ಸ್‌ಬರ್ಗನ್ನೂ ಅವನು ತಂದೆಯ ಪ್ರತಿಷ್ಠಾನಕ್ಕೇ ಒಪ್ಪಿಸಿದನು. ೧೯೦೬ರಲ್ಲಿ ಎರಡೂ ಒಂದಾದವು. ಆ ಪ್ರಯೋಗಶಾಲೆಯಲ್ಲಿಯೇ ಸೊರೆನ್‌ಸೆನ್ ೧೯೦೯ರಲ್ಲಿ ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ರೂಪಿಸಿದನು. ನಮ್ಮ ಶಾಲೆಯ ಮಕ್ಕಳೂ ಅದನ್ನು ಇಂದು ಬಲ್ಲರು. ಹಿರಿಯ ಯಾಕೊಬ್ಸೆನ್ ಬಾಳಿದ ಮನೆಯನ್ನು ಶ್ರೇಷ್ಠ ವಿದ್ವಾಂಸನೊಬ್ಬನ ವಾಸಕ್ಕೆ ಬಿಟ್ಟುಕೊಡುವ ಏರ್ಪಾಡಿದ್ದಿತು. ೧೯೩೨ರಿಂದ ೧೯೬೨ರಲ್ಲಿ ತೀರಿಕೊಳ್ಳುವವರೆಗೆ ನೀಲ್ಸ್ ಬೋರ್ ಅಲ್ಲಿದ್ದನು.

ಇಂದಿನ ಕಾರ್ಲ್ಸ್‌ಬರ್ಗ್ ಜಗತ್ತಿನ ದೊಡ್ಡ ಬಿಯರ್ ಕಂಪನಿಗಳಲ್ಲೊಂದು. ಅದರ ಬಾಟಲಿಗಳು ನಮ್ಮ ದೇಶದಲ್ಲಿಯೂ ಮಾರಾಟವಾಗುತ್ತವೆ. ೨೦೦೮ರ ಹೊತ್ತಿಗೆ ವಾಲ್ಬಿಯ ದಿಣ್ಣೆಯ ಮೇಲಿನ ದೊಡ್ಡ ಪ್ರಮಾಣದ ತಯಾರಿಕೆ ನಿಂತು ಅನ್ಯತ್ರ ಹೋಯಿತು. ಸಣ್ಣ ಮನೆಗಳನ್ನು ಕೊಳ್ಳುವ ಕೆಲಸಕ್ಕೆ ಅದೂ ಕೈಹಾಕಿದೆ. ೨೦೧೭ರಲ್ಲಿ ಲಂಡನ್ ಫೀಲ್ಡ್ಸ್ ಎಂಬ ಸಣ್ಣ ಬಿಯರ್ ಮನೆ ಅದರ ಪಾಲಾಯಿತು. ಮತದಾನದ ಬಹುಮತ ಮಾತ್ರ ಈಗಲೂ ವಿದ್ವಾಂಸರ ಪ್ರತಿಷ್ಠಾನದ್ದೇ.

ಹಾಗಾದರೆ ಇಂದಿನ ರಸಿಕನು ದೊಡ್ಡವರಿಂದ ಕೊಳ್ಳಬಹುದೆ, ಬಾರದೆ? ಈ ಜೀವನಚರಿತ್ರೆಯನ್ನು ಓದಿದವನು ಗಾತ್ರವೊಂದನ್ನೇ ಪಾಪವೆಂದು ಎಣಿಸಲಾರನು. ತಳದಲ್ಲಿ ಕುಳಿತು ಹುದುಗುವ ಬಿಯರನ್ನು ಮಾಡುವ ಸಣ್ಣ ಕುಶಲಿ ಇಂದು ಬಳಸುವ ಶುದ್ಧ ಹೆಪ್ಪಿನ ಹಿಂದೆ ಒಬ್ಬ ದೊಡ್ಡ ಯಜಮಾನನ ಪ್ರಯೋಗಶಾಲೆಯಿದೆ. ಆದರೆ ಆ ಯಜಮಾನನು ತನಗೆ ತಾನೇ ಹಾಕಿಕೊಂಡ ಕಟ್ಟಳೆಗಳಿಂದಲೇ ಇಂದಿನ ದೊಡ್ಡವರನ್ನೂ ಅಳೆಯಬೇಕು. ಮಾಗುವವರೆಗೆ ಕಾಯುತ್ತಾರೆಯೆ? ಕೊಂಡ ಸಣ್ಣ ಮನೆಯ ಬಾಟಲಿಯ ಮೇಲೆ ತಮ್ಮ ಹೆಸರನ್ನು ಮುಚ್ಚದೆ ಹೇಳುತ್ತಾರೆಯೆ? ಮಾರುವ ಅಂಗಡಿಯ ಬಾಗಿಲನ್ನು ಉಳಿದ ಸಣ್ಣವರಿಗೂ ತೆರೆದಿಡುತ್ತಾರೆಯೆ? ಹೌದೆಂದರೆ ಕೊಳ್ಳಲು ಅಡ್ಡಿಯಿಲ್ಲ. ನೆರೆಯವರಿಂದ ಹೆಪ್ಪು ತಂದು ಮೊಸರು ಮಾಡಿಕೊಂಡು, ಅದೇ ನೆರೆಯವರು ಮರುದಿನ ಬಟ್ಟಲು ಹಿಡಿದು ಬಂದಾಗ ಕದ ಹಾಕಿಕೊಳ್ಳುವ ಮನೆಯಾದರೆ, ಅದು ಎಷ್ಟೇ ದೊಡ್ಡದಾಗಿರಲಿ, ಎಷ್ಟೇ ಸಣ್ಣದಾಗಿರಲಿ, ಅಲ್ಲಿಂದ ಕೊಳ್ಳದಿರುವುದೇ ಲೇಸು.