ಶಿಸ್ತಿನ ಶಿವಪ್ಪನಾಯಕ

ಸಾಮ್ರಾಜ್ಯವೊಂದು ಕುಸಿದಾಗ ಅದರ ಗಡಿಯಲ್ಲಿದ್ದ ಜನ ಏನಾದರು? ಬ್ರಿಟನ್ನಿನಲ್ಲಿ ರೋಮನರು ಕಟ್ಟಿದ ಹೇಡ್ರಿಯನ್ ಗೋಡೆಯ ಬರ್ಡಾಸ್ವಾಲ್ಡ್ ಕೋಟೆಯನ್ನು ಅಗೆದವರಿಗೆ ಒಂದು ಸಂಗತಿ ತಿಳಿದುಬಂತು. ಸೈನಿಕರ ಕಣಜವಿದ್ದೆಡೆಯಲ್ಲಿ, ಕ್ರಿ.ಶ. 5ನೆಯ ಶತಮಾನದಲ್ಲಿ, ಮರದ ದೊಡ್ಡ ಹಜಾರವೊಂದು ಎದ್ದಿತ್ತು. ಸಂಬಳದ ದಳಪತಿಯೇ ಊರೊಡೆಯನಾದನೆಂದು ವಿದ್ವಾಂಸರು ಊಹಿಸುತ್ತಾರೆ. ಇಂಥ ಕಥೆಗಾಗಿ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಲ್ಲುಗಳಲ್ಲಿಯೇ ಅದಿದೆ, ಶಿವಪ್ಪನಾಯಕನ ಬಾಳಿನಲ್ಲಿದೆ.

ಕೆಳದಿಯ ನಾಯಕರು ಮೊದಲಿಗೆ ವಿಜಯನಗರದ ಮಾಂಡಲಿಕರು. 1565ರ ತರುವಾಯ ಆ ಅಂಕೆ ಹೆಸರಿಗಷ್ಟೇ ಉಳಿಯಿತು. ರಾಜಧಾನಿ ಆ ವೇಳೆಗೆ ಕೆಳದಿಯಿಂದ ಇಕ್ಕೇರಿಗೆ ಬಂದಿತ್ತು. 1637-38ರಲ್ಲಿ ಬಿಜಾಪುರದ ರಣದುಲ್ಲಾಖಾನನು ಇಕ್ಕೇರಿಯನ್ನು ಸೂರೆಗೊಂಡ ಮೇಲೆ, ಅದು ಕಾಡುಕಣಿವೆಗಳ ಮರೆಯಲ್ಲಿದ್ದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ, ಸರಿಯಿತು. ವೀರಭದ್ರನಾಯಕನ ಕಾಲದಲ್ಲಿ ರಾಜ್ಯಭಾರದ ಒಳಹೊರಗನ್ನೆಲ್ಲ ಕಂಡಿದ್ದ ಶಿವಪ್ಪನು 1645ರಲ್ಲಿ ತಾನೇ ಪಟ್ಟವೇರಿದನು.

ಅವನ ದಂಡಯಾತ್ರೆಗಳನ್ನು ಎಲ್ಲರೂ ಬಲ್ಲರು. 1654ರೊಳಗೆ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದನು. ಮಲೆನಾಡಿನ ಮೆಣಸು ಹಡಗೇರುವ ರೇವುಗಳು ಅವನ ಕೈಸೇರಿದವು. ಆದರೆ ನನಗೆ ಅವನ ಕತ್ತಿಗಿಂತ ಲೆಕ್ಕದ ಕಡತವೇ ದೊಡ್ಡದಾಗಿ ತೋರುತ್ತದೆ. ಭೂಮಿಯನ್ನು ಮಣ್ಣಿನ ಗುಣ ನೋಡಿ ಐದು ತರಗತಿಗಳಾಗಿ ವಿಂಗಡಿಸಿ, ಉತ್ಪತ್ತಿಯ ಮೂರರಲ್ಲೊಂದು ಪಾಲನ್ನು ಅರಮನೆಗೆಂದು ಗೊತ್ತುಮಾಡಿದನು. ಅಡಕೆ ತೋಟಕ್ಕೆ ಮರಗಳ ಎಣಿಕೆ. ಇದೇ ಪ್ರಸಿದ್ಧವಾದ ಶಿಸ್ತು. ಮೂರರಲ್ಲೊಂದು ಹಗುರವಾದ ಹೊರೆಯಲ್ಲ, ನಿಜ. ಆದರೂ ದಂಡಿನವನು ಕೇಳಿದಷ್ಟನ್ನು ಕೊಡುವುದಕ್ಕೂ, ಇಷ್ಟೇ ಎಂದು ಬರೆದಿಟ್ಟದ್ದನ್ನು ಕೊಡುವುದಕ್ಕೂ ಅಂತರವುಂಟಷ್ಟೆ. ಗಡಿಯ ಪಾಳೆಯಪಟ್ಟು ರಾಜ್ಯವಾದದ್ದು ಇಲ್ಲಿಯೇ.

ಕಾಲದ ತಿರುವನ್ನು ನೋಡಿರಿ! ವಿಜಯನಗರದ ಕೊನೆಯ ಅರಸನಾದ ಶ್ರೀರಂಗರಾಯನು ನೆಲೆತಪ್ಪಿ, ಮಾಂಡಲಿಕರ ಮನೆತನದ ಬಾಗಿಲಿಗೇ ಬಂದನು. ಶಿವಪ್ಪನು ಅವನಿಗೆ ಬೇಲೂರಿನಲ್ಲಿ ನೆಲೆ ಕಲ್ಪಿಸಿ, ಅವನ ಪರವಾಗಿ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದನು. ಪಟ್ಟಣ ಕೈಗೆ ಬರಲಿಲ್ಲ. 1660ರಲ್ಲಿ ಶಿವಪ್ಪನು ತೀರಿಕೊಂಡನು.

ಇಕ್ಕೇರಿಯಲ್ಲಿ ಅಘೋರೇಶ್ವರನ ಗುಡಿಯುಂಟು, ಅರಮನೆಯಿಲ್ಲ. ನಗರದ ಕೋಟೆಯೊಳಗೆ ಕೊಳಗಳೂ ದರ್ಬಾರಿನ ಅಡಿಪಾಯವೂ ಉಳಿದಿವೆ. ತೀರ್ಥಹಳ್ಳಿಯ ಕಡೆ ಅವನು ಬಲಪಡಿಸಿದ ಕವಲೇದುರ್ಗವನ್ನು ಹತ್ತಿದರೆ ಅರಮನೆಯ ತಳ, ಅಡಿಗೆಮನೆಯ ಕಲ್ಲೊಲೆ ಕಾಣುತ್ತವೆ. ನಮ್ಮ ವಿದ್ಯಾರ್ಥಿಗಳು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಒಲೆಯ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆ ಒಲೆಯ ಮೇಲೆ ಬೆಂದ ಅಕ್ಕಿ ಯಾವ ಗದ್ದೆಯದು, ಯಾವ ತರಗತಿಯದು ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.