ಸೊಲ್ಲಾಪುರದ ಬೇಂದ್ರೆ ಮಾಸ್ತರರು

ದ.ರಾ. ಬೇಂದ್ರೆ ಎಂದರೆ ನಮಗೆ ಧಾರವಾಡ, ಸಾಧನಕೇರಿ, ಶ್ರಾವಣದ ಮಳೆ ನೆನಪಾಗುತ್ತವೆ. ಈ ವರಕವಿ ಹನ್ನೆರಡು ವರ್ಷ ನಮ್ಮ ಹಾಗೆಯೇ ಊರು ಬಿಟ್ಟು ಬಂದು, ಇಂದು ಮಹಾರಾಷ್ಟ್ರದಲ್ಲಿರುವ ಊರೊಂದರಲ್ಲಿ ನೌಕರಿ ಮಾಡಿದ್ದರು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಕಲ್ಯಾಣದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಹೊತ್ತಿಗೆ ಮುಟ್ಟುವ ಸೊಲ್ಲಾಪುರವೇ ಆ ಊರು. ಅಲ್ಲಿನ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಅವರು ಕನ್ನಡ ಪ್ರಾಧ್ಯಾಪಕರಾಗಿದ್ದರು.

ಅಲ್ಲಿಗೆ ಸೇರಿದಾಗ ಅವರ ವಯಸ್ಸು 48. ಸಂಸಾರ ನಡೆಸಲು ನೆಚ್ಚಬಹುದಾದ ನೌಕರಿ ಎಂಬುದು ಅವರಿಗೆ ಸಿಕ್ಕಿದ್ದು ಆ ವಯಸ್ಸಿನಲ್ಲಿ. ಅದಕ್ಕೆ ಮುಂಚಿನ ಕಥೆ ಹೀಗಿದೆ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಯ ಮಾತು ಮರಾಠಿ. ತಂದೆ ಬೇಗ ತೀರಿಕೊಂಡರು. ಬಡತನದಲ್ಲಿ ಸಾಕಿದ ತಾಯಿ ಅಂಬವ್ವನ ಹೆಸರನ್ನೇ ಮುಂದೆ ಅವರು ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ಉಳಿಸಿಕೊಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿ ಧಾರವಾಡಕ್ಕೆ ಮರಳಿ, ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ಮದುವೆಯಾಯಿತು.

ಶಾಲೆಯ ಗಂಟೆ ಬಾರಿಸಿದ ಮೇಲೂ ಅವರ ಪಾಠ ಮುಗಿಯುತ್ತಿರಲಿಲ್ಲ. 1922ರ ಸುಮಾರಿಗೆ ಧಾರವಾಡದಲ್ಲಿ ಅವರ ಸುತ್ತ ಗೆಳೆಯರ ಗುಂಪು ಕೂಡಿತು. ಅಲ್ಲಿ ಹಾಜರಿ ಪುಸ್ತಕವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಕವಿತೆ ಓದುವುದು, ವಾದ ಮಾಡುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವುದು ಇಷ್ಟೇ. ಕಾಲೇಜಿಗೆಂದು ಧಾರವಾಡಕ್ಕೆ ಬಂದಿದ್ದ ಸವಣೂರಿನ ಹುಡುಗ ವಿನಾಯಕ ಕೃಷ್ಣ ಗೋಕಾಕ ಆ ಗುಂಪಿಗೆ ಸೇರಿದ್ದು ಹೀಗೆಯೇ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಆ ಹುಡುಗ ಕನ್ನಡಕ್ಕೆ ತಿರುಗಿದ್ದರಲ್ಲಿ ಬೇಂದ್ರೆಯವರ ಪಾತ್ರ ದೊಡ್ಡದು.

1932ರಲ್ಲಿ ಬೇಂದ್ರೆಯವರ ‘ಗರಿ’ ಸಂಕಲನ ಬಂತು. ಅದೇ ಸಂಕಲನದ ‘ನರಬಲಿ’ ಕವಿತೆಯನ್ನು ಬ್ರಿಟಿಷ್ ಸರ್ಕಾರ ರಾಜದ್ರೋಹವೆಂದು ಕಂಡಿತು. ಮಾಸ್ತರರು ಬೆಳಗಾವಿಯ ಹಿಂಡಲಗಾ ಜೈಲು ಸೇರಿದರು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧದಲ್ಲಿದ್ದರು. ಬಿಡುಗಡೆಯಾಗಿ ಬಂದವರಿಗೆ ಸ್ಥಿರವಾದ ಕೆಲಸ ಸಿಗಲಿಲ್ಲ. ಸರ್ಕಾರದ ಕಣ್ಣಿಗೆ ಬಿದ್ದವನನ್ನು ಸೇರಿಸಿಕೊಳ್ಳಲು ಸಂಸ್ಥೆಗಳು ಹಿಂಜರಿಯುತ್ತಿದ್ದ ಕಾಲ ಅದು. ಅಲ್ಲೊಂದು ವರ್ಷ, ಇಲ್ಲೊಂದು ವರ್ಷ ಎಂಬಂತೆ ತಾತ್ಪೂರ್ತಿಕ ಕೆಲಸಗಳಲ್ಲಿ ದಿನ ದೂಡಬೇಕಾಯಿತು. ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಗಂಡ ಹೆಂಡತಿ ಕಳೆದುಕೊಂಡರು.

ಈ ಸಂಕಟದ ನಡುವೆಯೇ ಅವರು ಓದು ಮುಂದುವರಿಸಿ 1935ರಲ್ಲಿ ಎಂ.ಎ. ಮುಗಿಸಿದರು. ಆಗ ಅವರಿಗೆ 39 ವರ್ಷ. ‘ಸಖೀಗೀತ’, ‘ನಾದಲೀಲೆ’ ಬಂದದ್ದೂ ಈ ವರ್ಷಗಳಲ್ಲೇ. 1943ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಡೀ ನಾಡು ತಲೆಯ ಮೇಲೆ ಹೊತ್ತ ಕವಿಗೆ ಆ ವರ್ಷವೂ ಒಂದು ಕಾಯಂ ನೌಕರಿ ಇರಲಿಲ್ಲ. ಸೊಲ್ಲಾಪುರದ ಕರೆ ಬಂದದ್ದು ಅದರ ಮರುವರ್ಷ.

ವಾಗ್ಳೆ ಎಸ್ಟೇಟಿನ ನಮ್ಮ ಆಫೀಸಿನ ಕೆಳಗೆ ಚಹಾ ಕುಡಿಯುವಾಗ ಎಂ.ಟೆಕ್. ಮಾಡಿದ ಗೆಳೆಯರ ನಡುವೆ ಒಂದು ಮಾತು ಆಗಾಗ ಬರುತ್ತದೆ: ಇದೆಲ್ಲ ಬಿಟ್ಟು ಎಲ್ಲಾದರೂ ಪಾಠ ಹೇಳಿಕೊಂಡಿರೋಣ. ಕಪ್ಪು ಖಾಲಿಯಾಗುವ ಮೊದಲೇ ಎರಡು ಪ್ರಶ್ನೆ ಏಳುತ್ತವೆ. ಸಂಬಳ ಎಷ್ಟು? ಕೆಲಸ ಕಾಯಮ್ಮೋ, ಕಾಂಟ್ರ್ಯಾಕ್ಟೋ? ಮನೆಸಾಲದ ಕಂತು ಕಟ್ಟುವವರು ಈ ಪ್ರಶ್ನೆ ಕೇಳುವುದರಲ್ಲಿ ತಪ್ಪೇನಿಲ್ಲ. ಬೇಂದ್ರೆಯವರ ಮನೆಯೂ ಈ ಎರಡು ಪ್ರಶ್ನೆಗಳಿಂದ ಬಳಲಿದೆ. ಬಡತನವೇ ಅವರನ್ನು ದೊಡ್ಡ ಕವಿ ಮಾಡಿತು ಎಂದು ಹೇಳುವುದು ಸುಲಭ, ಆದರೆ ಆ ಬಡತನದ ಲೆಕ್ಕವನ್ನು ದಿನವೂ ಸರಿದೂಗಿಸಿದ್ದು ಲಕ್ಷ್ಮೀಬಾಯಿ. ಮಾಸ್ತರಿಕೆಯನ್ನು ತ್ಯಾಗವೆಂದು ಹೊಗಳಿ ಸಂಬಳದ ಮಾತು ಬಂದಾಗ ಸುಮ್ಮನಾಗುವ ನಮ್ಮ ಸಮಾಜ ಇದನ್ನು ಮರೆಯಬಾರದು.

ಆದರೂ ಅವರ ಜೀವನ ಇನ್ನೊಂದು ಮಾತನ್ನೂ ಹೇಳುತ್ತದೆ. ಮಾಸ್ತರಿಕೆಯ ನೌಕರಿ ಅವರನ್ನು ಮತ್ತೆ ಮತ್ತೆ ಬಿಟ್ಟುಹೋಯಿತು, ಕಲಿಸುವ ಗುಣ ಒಮ್ಮೆಯೂ ಬಿಡಲಿಲ್ಲ. ಸಾಧನಕೇರಿಯ ಮನೆಗೆ ಬಂದವರೊಡನೆ ಹೊತ್ತಿನ ಪರಿವೆಯಿಲ್ಲದೆ ಮಾತಾಡುತ್ತ, ಒಂದು ಶಬ್ದ ಹಿಡಿದು ಅದರ ಬೇರಿನವರೆಗೆ ಕರೆದೊಯ್ಯುತ್ತಿದ್ದರು. ಅದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಸೊಲ್ಲಾಪುರದ ವರ್ಷಗಳಲ್ಲಿ ‘ಗಂಗಾವತರಣ’ ಬಂತು. ಸಿದ್ಧರಾಮ ಶಿವಯೋಗಿಯ ಆ ಊರಿನಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮರಾಠಿ ಮನೆಯ ಮಗ ಅಲ್ಲಿನ ಹುಡುಗರಿಗೆ ಕನ್ನಡ ಕಲಿಸಿದರು, ಮರಾಠಿಯಲ್ಲೂ ಬರೆದರು. ಅವರು ಹೋದಾಗ ಧಾರವಾಡ, ಸೊಲ್ಲಾಪುರ ಎರಡೂ ಒಂದೇ ಮುಂಬಯಿ ಪ್ರಾಂತ. 1956ರಲ್ಲಿ ಅವರು ಕಾಲೇಜು ಬಿಟ್ಟರು. ಅದೇ ವರ್ಷ ನವೆಂಬರ್ 1ರಂದು ಎರಡು ಊರುಗಳ ನಡುವೆ ರಾಜ್ಯದ ಗಡಿ ಬಂತು.

ಆಮೇಲೆ ಧಾರವಾಡ ಆಕಾಶವಾಣಿಯಲ್ಲಿ ಸಲಹೆಗಾರರಾದರು. ‘ಅರಳು ಮರಳು’ ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ನಾಕು ತಂತಿ’ಗೆ 1973ರ ಜ್ಞಾನಪೀಠ ಬಂದವು. 1981ರ ಅಕ್ಟೋಬರ್ 26ರಂದು, ದೀಪಾವಳಿಯ ದಿನಗಳಲ್ಲಿ, 85ನೆಯ ವಯಸ್ಸಿನಲ್ಲಿ ಇದೇ ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು. ಗೆಳೆಯರ ಗುಂಪಿನ ಆ ಸವಣೂರಿನ ಹುಡುಗ ತಾನೂ ಪ್ರಾಧ್ಯಾಪಕನಾಗಿ, 1990ರ ಜ್ಞಾನಪೀಠ ಪಡೆದು, 1992ರಲ್ಲಿ ಇದೇ ಮುಂಬಯಿಯಲ್ಲಿ ತೀರಿಕೊಂಡರು. ಬೇಂದ್ರೆಯವರನ್ನು ಅವರು ಕೊನೆಯವರೆಗೂ ಗುರುವೆಂದೇ ಭಾವಿಸಿದ್ದರು. ಮಾಸ್ತರರ ನಿಜವಾದ ಗಳಿಕೆ ಇಂಥದ್ದು. ಅದು ಕೈಗೆ ಬರಲು ಎಷ್ಟೋ ವರ್ಷ ಹಿಡಿಯುತ್ತದೆ.

ನಮ್ಮ ಮಕ್ಕಳು ಇಲ್ಲಿ ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಕಲಿಯಲಿ. ಅದರಿಂದ ಕನ್ನಡ ಹೋಗುವುದಿಲ್ಲ. ಮನೆಯಲ್ಲಿ ಮರಾಠಿ ಆಡುತ್ತ ಬೆಳೆದವರೇ ಕನ್ನಡಕ್ಕೆ ವರಕವಿಯಾದರು. ಪಕ್ಕದಲ್ಲಿ ಕೂತು ಅಕ್ಷರ ತಿದ್ದಿಸುವವರು ಒಬ್ಬರಿದ್ದರೆ ಸಾಕು, ಕನ್ನಡ ಉಳಿಯುತ್ತದೆ. ನೌಕರಿ ಬಿಡಬೇಕಾಗಿಲ್ಲ, ಭಾನುವಾರದ ಒಂದು ತಾಸು ಬಿಟ್ಟುಕೊಟ್ಟರೆ ಆ ಒಬ್ಬರು ನಾವೇ ಆಗಬಹುದು.